ಮನೆಯಂಗಳದಲ್ಲಿ ಕಾರಿನ ಎಂಜಿನ್ ಆಯಿಲ್ ಮತ್ತು ಫಿಲ್ಟರ್ ಬದಲಾಯಿಸುವ ಕ್ರಮ

ಮೈಸೂರು ಸೀಮೆಯಲ್ಲಿ ಗಾಡಿಯಿರುವ ಮನೆಯವರೆಲ್ಲ ಆಯುಧಪೂಜೆಗೆ ಮೊದಲು ಅದನ್ನು ತೊಳೆದು, ಒರೆಸಿ, ಅರಿಸಿನ ಕುಂಕುಮಕ್ಕೆ ಸಿದ್ಧಮಾಡುತ್ತಾರೆ. ನಮ್ಮ ಮನೆಯಲ್ಲಿ ಆ ಹಬ್ಬಕ್ಕೆ ಮುಂಚಿನ ಭಾನುವಾರವನ್ನು ಕಾರಿನ ಎಂಜಿನ್ ಆಯಿಲ್ ಬದಲಾಯಿಸುವುದಕ್ಕೂ ಇಟ್ಟುಕೊಂಡು ಏಳೆಂಟು ವರ್ಷಗಳಾದವು. ಬಹುತೇಕ ಕಾರುಗಳಿಗೆ ತಯಾರಕರು ಹೇಳುವ ಅವಧಿ 10,000 ಕಿಲೋಮೀಟರ್ ಅಥವಾ ಒಂದು ವರ್ಷ, ಇವೆರಡರಲ್ಲಿ ಯಾವುದು ಮೊದಲೋ ಅದು. ವರ್ಷಕ್ಕೊಮ್ಮೆ ಬರುವ ಹಬ್ಬಕ್ಕೆ ಈ ಕೆಲಸವನ್ನು ಗಂಟುಹಾಕಿಕೊಂಡರೆ ಅವಧಿ ಮೀರುವ ಭಯವಿರುವುದಿಲ್ಲ.

ನಮ್ಮ ಕಾರು ಹೆಚ್ಚು ಓಡುವುದೇ ಇಲ್ಲ, ಹಾಗಾಗಿ ಎರಡು ವರ್ಷವಾದರೂ ನಡೆಯುತ್ತದೆ ಎಂದು ಹಲವರು ಭಾವಿಸುತ್ತಾರೆ. ಅದು ತಪ್ಪು. ಕುವೆಂಪುನಗರದಿಂದ ದೇವರಾಜ ಮಾರುಕಟ್ಟೆಗೆ ಹೋಗಿ ತರಕಾರಿ ತಂದು ಮತ್ತೆ ನಿಲ್ಲುವ ಕಾರಿನ ಎಂಜಿನ್ ಒಮ್ಮೆಯೂ ಸರಿಯಾಗಿ ಕಾಯುವುದಿಲ್ಲ. ಒಳಗೆ ಸೇರಿದ ತೇವವೂ ಸುಡದೆ ಉಳಿದ ಇಂಧನವೂ ಆವಿಯಾಗಿ ಹೋಗದೆ ಎಣ್ಣೆಯಲ್ಲೇ ಉಳಿದು ಅದನ್ನು ಕೆಡಿಸುತ್ತವೆ. ದಿನವೂ ಮಂಡ್ಯಕ್ಕೋ ಬೆಂಗಳೂರಿಗೋ ಹೆದ್ದಾರಿಯಲ್ಲಿ ಒಂದೇ ಸಮನೆ ಓಡುವ ಕಾರಿನ ಎಣ್ಣೆಯ ಸ್ಥಿತಿ ಎಷ್ಟೋ ಬಾರಿ ಇದಕ್ಕಿಂತ ಚೆನ್ನಾಗಿರುತ್ತದೆ. ಕಬ್ಬು ಕಡಿಯುವ ಕಾಲದಲ್ಲಿ ಗದ್ದೆ ಬದಿಯ ಮಣ್ಣು ರಸ್ತೆಯಲ್ಲಿ ನಿತ್ಯ ಓಡಾಡುವವರು ಕಾರಿನ ಕೈಪಿಡಿಯಲ್ಲಿ ಕಠಿಣ ಬಳಕೆಗೆಂದು ಬೇರೆಯಾಗಿ ಕೊಟ್ಟಿರುವ ಅವಧಿಯನ್ನು ಅನುಸರಿಸಬೇಕು. ಅದು ಸಾಮಾನ್ಯ ಅವಧಿಯ ಅರ್ಧದಷ್ಟಿರುವುದೂ ಉಂಟು.

ಕೆಲಸ ಶುರುಮಾಡುವ ಮೊದಲು ಒಂದು ಮಾತನ್ನು ಹೇಳಬೇಕು. ಕಾರಿನ ವಾರಂಟಿ ಇನ್ನೂ ಇದ್ದರೆ, ಅದರ ಷರತ್ತುಗಳನ್ನು ಪೂರ್ತಿ ಓದಿದ ನಂತರವೇ ನಿರ್ಧರಿಸಿ. ಅಧಿಕೃತ ಸರ್ವಿಸ್ ಕೇಂದ್ರದಲ್ಲಿ ಮಾಡಿಸಿದ ದಾಖಲೆ ಇಲ್ಲದಿದ್ದರೆ ಮುಂದೆ ಎಂಜಿನ್ ತೊಂದರೆ ಕೊಟ್ಟಾಗ ನಷ್ಟ ನಿಮ್ಮ ಮೇಲೆಯೇ ಬೀಳಬಹುದು. ವಾರಂಟಿ ಮುಗಿದ ಕಾರಿಗೆ, ಸಮತಟ್ಟಾದ ಜಾಗ ಇರುವವರಿಗೆ, ಎರಡು ಗಂಟೆ ಅವಸರವಿಲ್ಲದೆ ಕಳೆಯಬಲ್ಲವರಿಗೆ ಇದು ಖಂಡಿತ ಕೈಗೂಡುವ ಕೆಲಸ.

ಯಾವ ಎಣ್ಣೆ, ಎಷ್ಟು ಎಣ್ಣೆ

ಎಣ್ಣೆಯ ಡಬ್ಬದ ಮೇಲೆ 0ಡಬ್ಲ್ಯೂ-20, 5ಡಬ್ಲ್ಯೂ-30, 15ಡಬ್ಲ್ಯೂ-40 ಎಂಬಂತೆ ಅಂಕಿಗಳಿರುತ್ತವೆ. ಡಬ್ಲ್ಯೂ ಎಂಬುದು ಚಳಿಗಾಲವನ್ನು ಸೂಚಿಸುವ ಅಕ್ಷರ. ಅದಕ್ಕೆ ಮೊದಲು ಬರುವ ಅಂಕಿ ತಣ್ಣಗಿರುವಾಗ ಎಣ್ಣೆ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದನ್ನೂ, ನಂತರ ಬರುವ ಅಂಕಿ 100 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಅದು ಎಷ್ಟು ದಪ್ಪವಾಗಿ ಉಳಿಯುತ್ತದೆ ಎಂಬುದನ್ನೂ ತಿಳಿಸುತ್ತವೆ. ನಮ್ಮ ಕಡೆ ಹಿಮ ಬೀಳುವುದಿಲ್ಲವಲ್ಲ, ಬಿಸಿಲಿನ ಊರಿಗೆ ದಪ್ಪ ಎಣ್ಣೆಯೇ ಒಳ್ಳೆಯದಲ್ಲವೇ ಎಂದು ಅಂಗಡಿಗಳಲ್ಲಿಯೇ ಹೇಳುವವರಿದ್ದಾರೆ. ಹೊರಗಿನ ಬಿಸಿಲು 25 ಡಿಗ್ರಿ ಇರಲಿ, 36 ಡಿಗ್ರಿ ಇರಲಿ, ಕಾದ ಎಂಜಿನ್ನಿನೊಳಗಿನ ಎಣ್ಣೆಯ ಶಾಖ ಹೆಚ್ಚುಕಡಿಮೆ 90ರಿಂದ 110 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ಈಗಿನ ಎಂಜಿನ್‌ಗಳಲ್ಲಿ ಎಣ್ಣೆ ಹರಿಯುವ ದಾರಿಗಳು ಕಿರಿದು, ಬೇರಿಂಗುಗಳ ನಡುವಿನ ಸಂದು ಕಡಿಮೆ. ಕವಾಟಗಳ ಸಮಯವನ್ನು ಹೊಂದಿಸುವ ವ್ಯವಸ್ಥೆಯೂ ಹಲವು ಎಂಜಿನ್‌ಗಳಲ್ಲಿ ಎಣ್ಣೆಯ ಒತ್ತಡದಿಂದಲೇ ನಡೆಯುತ್ತದೆ. ಆದ್ದರಿಂದ ಕೈಪಿಡಿಯಲ್ಲಿ 0ಡಬ್ಲ್ಯೂ-20 ಎಂದಿದ್ದರೆ ಅದನ್ನೇ ಹಾಕಬೇಕು, ಅಂಗಡಿಯವರ ಸಲಹೆಗೆ ಇಲ್ಲಿ ಮಣಿಯಬಾರದು.

ಅಂಕಿಯಷ್ಟೇ ಮುಖ್ಯವಾದದ್ದು ಗುಣಮಟ್ಟದ ಗುರುತು. ಪೆಟ್ರೋಲ್ ಕಾರುಗಳಿಗೆ ಅಮೆರಿಕದ ಪೆಟ್ರೋಲಿಯಂ ಸಂಸ್ಥೆ (ಎಪಿಐ) ಗೊತ್ತುಮಾಡಿದ ಎಪಿಐ ಎಸ್‌ಎನ್, ಎಪಿಐ ಎಸ್‌ಪಿ ಮುಂತಾದ ದರ್ಜೆಗಳಿವೆ. ಇವುಗಳಲ್ಲಿ ಎಸ್‌ಪಿ 2020ರಲ್ಲಿ ಬಂದ ದರ್ಜೆಯಾಗಿದ್ದು, ಎಸ್‌ಎನ್ ಕೇಳುವ ಎಂಜಿನ್ನಿಗೆ ಅದೇ ಅಂಕಿಯ ಎಸ್‌ಪಿ ಎಣ್ಣೆಯನ್ನು ನಿಶ್ಚಿಂತೆಯಿಂದ ಹಾಕಬಹುದು. ಡೀಸೆಲ್ ಕಾರು ಇರುವವರು ಇನ್ನೂ ಎಚ್ಚರವಾಗಿರಬೇಕು. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ, ವಾಹನಗಳ ಹೊಗೆಗೆ ಮಿತಿ ಹಾಕುವ ಬಿಎಸ್-6 ನಿಯಮದ ನಂತರದ ಡೀಸೆಲ್ ಕಾರುಗಳ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಡಿಪಿಎಫ್ ಎಂಬ ಸೋಸುಗವಿರುತ್ತದೆ. ಡೀಸೆಲ್ ಕಾರಿಗೆಂದು ಮಾರುವ ಸಾಮಾನ್ಯ ಎಂಜಿನ್ ಎಣ್ಣೆ ಉರಿದಾಗ ಉಳಿಯುವ ಬೂದಿ ಅದನ್ನು ನಿಧಾನವಾಗಿ ಕಟ್ಟಿಬಿಡುವುದರಿಂದ, ಬೂದಿ ಕಡಿಮೆ ಬಿಡುವ, ಕೈಪಿಡಿಯಲ್ಲಿ ಹೆಸರಿಸಿರುವ ದರ್ಜೆಯ ಎಣ್ಣೆಯನ್ನೇ ಕೊಳ್ಳಬೇಕು.

ಸಣ್ಣ ಪೆಟ್ರೋಲ್ ಕಾರುಗಳಿಗೆ ಸಾಮಾನ್ಯವಾಗಿ 3ರಿಂದ 3.5 ಲೀಟರ್ ಎಣ್ಣೆ ಹಿಡಿಯುತ್ತದೆ, ದೊಡ್ಡ ಡೀಸೆಲ್ ಗಾಡಿಗಳಿಗೆ 5 ಲೀಟರ್ ಮತ್ತು ಅದಕ್ಕೂ ಹೆಚ್ಚು. ಕೈಪಿಡಿಯಲ್ಲಿ ಫಿಲ್ಟರ್ ಸೇರಿ ಮತ್ತು ಫಿಲ್ಟರ್ ಬಿಟ್ಟು ಎಂದು ಎರಡು ಅಳತೆಗಳಿದ್ದರೆ ಮೊದಲನೆಯದನ್ನು ಹಿಡಿಯಿರಿ. ಡಬ್ಬದ ಮುಚ್ಚಳದ ಸೀಲ್ ಒಡೆದಿಲ್ಲವೆಂದು ಅಂಗಡಿಯಲ್ಲೇ ನೋಡಿ, ಬಿಲ್ಲು ಪಡೆಯಿರಿ. ಎಣ್ಣೆಯ ಜೊತೆಗೆ ಕಾರಿನ ಮಾದರಿ ಮತ್ತು ವರ್ಷ ಹೇಳಿ ಫಿಲ್ಟರನ್ನೂ, ಹಳೆಯ ಎಣ್ಣೆ ಇಳಿಸಲು ಎಂಜಿನ್ನಿನ ತಳದಲ್ಲಿರುವ ಡ್ರೈನ್ ಬೋಲ್ಟಿಗೆ ಹಾಕುವ ಹೊಸ ವಾಷರನ್ನೂ ಕೇಳಿ ತನ್ನಿ. ಈ ವಾಷರ್ ತಾಮ್ರದ್ದೋ ಅಲ್ಯೂಮಿನಿಯಮ್ಮಿನದೋ ಆಗಿರುತ್ತದೆ. ಬೋಲ್ಟ್ ಬಿಗಿದಾಗ ತಾನು ಜಜ್ಜಿಹೋಗಿ ಸಂದನ್ನು ಮುಚ್ಚುವುದೇ ಅದರ ಕೆಲಸವಾದ್ದರಿಂದ ಒಮ್ಮೆ ಜಜ್ಜಿದ್ದನ್ನು ಮತ್ತೆ ಹಾಕುವುದು ಸರಿಯಲ್ಲ. ಕೆಲವೇ ರೂಪಾಯಿಯ ಈ ವಸ್ತುವನ್ನು ಮರೆತು ಬಂದು, ಹಳೆಯದನ್ನೇ ಹಾಕಿ, ಆಮೇಲೆ ವರ್ಷವಿಡೀ ನೆಲದ ಮೇಲೆ ತೊಟ್ಟಿಕ್ಕುವ ಎಣ್ಣೆಯನ್ನು ನೋಡುತ್ತಿರುವವರನ್ನು ನಾನು ಬಲ್ಲೆ.

ಸಲಕರಣೆ ಮತ್ತು ಜಾಗ

ಬೇಕಾಗುವ ಸಾಮಾನು ಹೆಚ್ಚೇನಿಲ್ಲ. ಡ್ರೈನ್ ಬೋಲ್ಟಿಗೆ ಸರಿಹೊಂದುವ ರಿಂಗ್ ಸ್ಪ್ಯಾನರ್ ಅಥವಾ ಸಾಕೆಟ್ ಬೇಕು. ಹೆಚ್ಚಿನ ಕಾರುಗಳಲ್ಲಿ ಅದು 14 ಅಥವಾ 17 ಮಿಲಿಮೀಟರ್ ಅಳತೆಯದು. ಎರಡು ಬಾಯಿಯ ತೆರೆದ ಸ್ಪ್ಯಾನರ್ ಬೋಲ್ಟಿನ ಮೂಲೆಗಳನ್ನು ಸವೆಸುತ್ತದೆ, ಅದನ್ನು ಬಳಸಬೇಡಿ. ಫಿಲ್ಟರ್ ಬಿಚ್ಚುವ ರೆಂಚ್, ಆಲಿಕೆ, ರಬ್ಬರ್ ಕೈಗವಸು, ಮೆಕ್ಯಾನಿಕ್‌ಗಳು ಕೈ ಒರೆಸಲು ಬಳಸುವ ಬನಿಯನ್ ವೇಸ್ಟ್, ಒಂದು ಟಾರ್ಚ್, ಮತ್ತು ಹಳೆಯ ಎಣ್ಣೆ ಹಿಡಿಯಲು ಅಗಲ ಬಾಯಿಯ ಪಾತ್ರೆ ಇರಲಿ. ಗಾರೆ ಕೆಲಸದ ಪ್ಲಾಸ್ಟಿಕ್ ಬಾಂಡ್ಲಿ ಇದಕ್ಕೆ ಚೆನ್ನಾಗಿ ಒದಗುತ್ತದೆ. ಕಾರಿನಡಿಗೆ ಸುಲಭವಾಗಿ ಸರಿಯುವಷ್ಟು ತಗ್ಗು, ಇಡೀ ಎಂಜಿನ್ನಿನ ಎಣ್ಣೆ ತುಂಬಿದರೂ ಚೆಲ್ಲದಷ್ಟು ಅಗಲ. ಪಕ್ಕದಲ್ಲಿ ಒಂದು ಚೀಲ ಭತ್ತದ ಹೊಟ್ಟು ಅಥವಾ ಮರದ ಹೊಟ್ಟು ಇಟ್ಟುಕೊಂಡಿದ್ದರೆ ಎಣ್ಣೆ ಚೆಲ್ಲಿದಾಗ ಹೀರಿಸಿ ಗುಡಿಸಿ ತೆಗೆಯಬಹುದು. ನೀರು ಹಾಕಿ ತೊಳೆಯಲು ಹೋದರೆ ಜಿಡ್ಡು ಇನ್ನಷ್ಟು ಹರಡುತ್ತದೆ.

ಜಾಗದ ವಿಷಯದಲ್ಲಿ ಮೈಸೂರಿನ ಮನೆಗಳಿಗೆ ಒಂದು ತೊಡಕಿದೆ. ರಸ್ತೆಯಿಂದ ಗೇಟಿಗೆ ಇಳಿಜಾರು, ಗೇಟಿನೊಳಗೆ ನುಣುಪಾದ ಟೈಲ್ಸ್ ಹಾಕಿದ ಪೋರ್ಟಿಕೋ, ಎಷ್ಟೋ ಮನೆಗಳ ಕಟ್ಟೋಣ ಹೀಗೆಯೇ. ಇಳಿಜಾರಿನಲ್ಲಿ ಕಾರನ್ನು ಎತ್ತಲೇಬಾರದು. ಟೈಲ್ಸ್ ಮೇಲೆ ಜಾಕ್‌ನ ಪಾದ ಜಾರುತ್ತದೆ, ಭಾರಕ್ಕೆ ಟೈಲ್ಸ್ ಬಿರಿಯುವುದೂ ಉಂಟು. ಪೋರ್ಟಿಕೋ ಸಮತಟ್ಟಾಗಿದ್ದರೆ ಜಾಕ್ ಮತ್ತು ಎತ್ತಿದ ಕಾರನ್ನು ಹೊತ್ತು ನಿಲ್ಲುವ ಸ್ಟ್ಯಾಂಡ್‌ಗಳ ಅಡಿಗೆ ದಪ್ಪ ಪ್ಲೈವುಡ್ ಹಲಗೆ ಹಾಕಿಕೊಳ್ಳಬೇಕು. ಮಣ್ಣಿನ ಅಂಗಳವಾದರೂ ಹಾಗೆಯೇ, ಇಲ್ಲದಿದ್ದರೆ ಸ್ಟ್ಯಾಂಡ್‌ನ ಕಾಲು ನೆಲಕ್ಕೆ ಇಳಿದುಬಿಡುತ್ತದೆ. ನಾನು ಕೆಲವೊಮ್ಮೆ ಮಂಡ್ಯದ ಕಡೆಯ ನಮ್ಮೂರಿಗೆ ಕಾರನ್ನು ಒಯ್ದು, ಟ್ರ್ಯಾಕ್ಟರ್ ನಿಲ್ಲಿಸುವ ಕೊಟ್ಟಿಗೆಯ ಕಾಂಕ್ರೀಟ್ ನೆಲದ ಮೇಲೆ ಈ ಕೆಲಸ ಮಾಡುವುದುಂಟು.

ಕಾರನ್ನು ಎತ್ತಿ ನಿಲ್ಲಿಸುವುದು

ಈ ಇಡೀ ಲೇಖನದಲ್ಲಿ ಪ್ರಾಣಕ್ಕೆ ಸಂಬಂಧಿಸಿದ ಭಾಗ ಇದೊಂದೇ. ಕಾರಿನ ಜೊತೆ ಬರುವ ಜಾಕ್ ಇರುವುದು ಚಕ್ರ ಬದಲಾಯಿಸುವುದಕ್ಕೆ. ಅದರ ಮೇಲೆ ಮಾತ್ರ ನಿಂತಿರುವ ಕಾರಿನಡಿಗೆ ತಲೆಯನ್ನಾಗಲೀ ಕೈಯನ್ನಾಗಲೀ ಒಂದು ಕ್ಷಣವೂ ಒಡ್ಡಬೇಡಿ. ಇಟ್ಟಿಗೆ, ಸಿಮೆಂಟ್ ಬ್ಲಾಕ್, ಸೈಜುಗಲ್ಲು ಯಾವುದೂ ಸ್ಟ್ಯಾಂಡ್‌ಗೆ ಬದಲಿಯಲ್ಲ. ಟೊಳ್ಳು ಬ್ಲಾಕ್ ಮುನ್ಸೂಚನೆಯಿಲ್ಲದೆ ಒಮ್ಮೆಲೇ ಪುಡಿಯಾಗುತ್ತದೆ. ಭಾರದ ಅಳತೆ ನಮೂದಿಸಿರುವ ಒಂದು ಜೊತೆ ಉಕ್ಕಿನ ಸ್ಟ್ಯಾಂಡ್ ಕೊಳ್ಳಲು ಮನಸ್ಸಿಲ್ಲದವರು ಈ ಕೆಲಸವನ್ನು ಗ್ಯಾರೇಜಿಗೇ ಬಿಡುವುದು ಮೇಲು.

ಹ್ಯಾಂಡ್‌ಬ್ರೇಕ್ ಎಳೆದು, ಕಾರನ್ನು ಮೊದಲನೆಯ ಗೇರಿನಲ್ಲಿ, ಆಟೊಮ್ಯಾಟಿಕ್ ಆದರೆ ಪಾರ್ಕಿಂಗ್ ಸ್ಥಾನದಲ್ಲಿ ನಿಲ್ಲಿಸಿ, ಹಿಂದಿನ ಎರಡೂ ಚಕ್ರಗಳಿಗೆ ಹಿಂದೆ ಮುಂದೆ ಮರದ ತುಂಡಿನ ಅಡ್ಡೆ ಕೊಡಿ. ಬಾಗಿಲ ಕೆಳಗಿನ ಅಂಚಿನಲ್ಲಿ, ಮುಂದಿನ ಚಕ್ರದ ಹಿಂದೆ, ಜಾಕ್ ಕೊಡಲು ಗುರುತು ಮಾಡಿದ ಕಚ್ಚು ಇರುತ್ತದೆ. ಸ್ಟ್ಯಾಂಡ್ ಎಲ್ಲಿಗೆ ಕೊಡಬೇಕೆಂಬುದನ್ನೂ ಕೈಪಿಡಿಯ ಚಿತ್ರದಲ್ಲಿ ನೋಡಿಕೊಳ್ಳಿ. ಒಂದು ಬದಿ ಎತ್ತಿ ಸ್ಟ್ಯಾಂಡ್ ಕೊಟ್ಟು, ನಂತರ ಇನ್ನೊಂದು ಬದಿಯನ್ನು ಅಷ್ಟೇ ಎತ್ತರಕ್ಕೆ ತನ್ನಿ. ಎರಡೂ ಕಡೆ ಭಾರ ಸ್ಟ್ಯಾಂಡ್‌ಗಳ ಮೇಲೆ ಕೂತ ಮೇಲೆ ಕಾರಿನ ಪಕ್ಕದಲ್ಲಿ ನಿಂತು ಅದನ್ನು ಕೈಯಿಂದ ಬಲವಾಗಿ ಅಲುಗಿಸಿ ನೋಡಬೇಕು. ಅಲುಗಿದರೆ ಇಳಿಸಿ ಮತ್ತೆ ಮೊದಲಿನಿಂದ ಕೂರಿಸಿ. ಮನೆಯಲ್ಲಿ ಇನ್ನೊಬ್ಬರು ಕೂಗಿಗೆ ಸಿಗುವಷ್ಟು ಹತ್ತಿರದಲ್ಲಿರಲಿ, ಮಕ್ಕಳು ಸುತ್ತಮುತ್ತ ಆಡದಿರಲಿ.

ನೆಲದಿಂದ ಸಾಕಷ್ಟು ಎತ್ತರವಿರುವ ಗಾಡಿಗಳಲ್ಲಿ ಕೆಲವೊಮ್ಮೆ ಎತ್ತದೆಯೇ ಬೋಲ್ಟಿಗೆ ಕೈ ನಿಲುಕುತ್ತದೆ. ಹಾಗಿದ್ದರೆ ಇದಾವುದರ ಅಗತ್ಯವೇ ಇಲ್ಲ.

ಹಳೆಯ ಎಣ್ಣೆಯನ್ನು ಇಳಿಸುವುದು

ಕಾರನ್ನು ಎತ್ತುವ ಮೊದಲೇ ಐದಾರು ಕಿಲೋಮೀಟರ್ ಓಡಿಸಿ ತಂದು, ಎಂಜಿನ್ ನಿಲ್ಲಿಸಿ, ಹದಿನೈದು ಇಪ್ಪತ್ತು ನಿಮಿಷ ಬಿಟ್ಟಿರಬೇಕು. ತಣ್ಣಗಿನ ಎಣ್ಣೆ ದಪ್ಪವಾಗಿದ್ದು ತಳದ ಕೊಳೆಯನ್ನು ಹಿಂದೆ ಬಿಟ್ಟು ಬರುತ್ತದೆ. ಈಗತಾನೇ ನಿಂತ ಎಂಜಿನ್ನಿನ ಎಣ್ಣೆಯಾದರೋ ಕೈ ಸುಡುತ್ತದೆ. ಮುಟ್ಟಿದರೆ ಬೆಚ್ಚಗಿದ್ದು ಹಿಡಿದುಕೊಳ್ಳಬಹುದಾದಷ್ಟು ಶಾಖವೇ ಹದ. ಬಾನೆಟ್ ತೆರೆದು ಎಣ್ಣೆ ಸುರಿಯುವ ಮುಚ್ಚಳವನ್ನು ಬಿಚ್ಚಿಡಿ, ಎಣ್ಣೆ ಅಳೆಯುವ ಕಡ್ಡಿಯನ್ನು ಸ್ವಲ್ಪ ಮೇಲಕ್ಕೆಳೆದಿಡಿ. ಮೇಲಿನಿಂದ ಗಾಳಿ ಸೇರಿದರೆ ಕೆಳಗೆ ಎಣ್ಣೆ ತಡೆಯಿಲ್ಲದೆ ಇಳಿಯುತ್ತದೆ.

ಈಗ ಕಾರಿನಡಿಗೆ ಹೋಗಿ. ಕೆಲವು ಕಾರುಗಳಲ್ಲಿ ಎಂಜಿನ್ನಿನ ಕೆಳಗೆ ಪ್ಲಾಸ್ಟಿಕ್ ಗಾರ್ಡ್ ಇರುತ್ತದೆ, ಅದನ್ನು ಬಿಚ್ಚಬೇಕು. ನಮ್ಮ ಮೆಕ್ಯಾನಿಕ್‌ಗಳು ಚೇಂಬರ್ ಎಂದು ಕರೆಯುವ ಎಣ್ಣೆಯ ತಟ್ಟೆ ಎಂಜಿನ್ನಿನ ತಳದಲ್ಲಿದೆ, ಡ್ರೈನ್ ಬೋಲ್ಟ್ ಇರುವುದು ಅದರ ತಗ್ಗಿನ ಭಾಗದಲ್ಲಿ. ಪಕ್ಕದಲ್ಲೇ ಗೇರ್‌ಬಾಕ್ಸಿನ ಬೋಲ್ಟ್ ಕೂಡ ಇರುತ್ತದೆ. ಅದನ್ನು ಎಂಜಿನ್ನಿನದೆಂದು ತಿಳಿದು ಬಿಚ್ಚಿ, ಗೇರ್ ಎಣ್ಣೆಯನ್ನೆಲ್ಲ ಇಳಿಸಿ, ಎಂಜಿನ್ನಿಗೆ ಹಳೆಯದರ ಮೇಲೆ ಹೊಸದನ್ನು ಸುರಿಯುವ ಪ್ರಮಾದ ಹೊಸಬರಿಂದ ಆಗುತ್ತದೆ. ಆದ್ದರಿಂದ ಬೋಲ್ಟ್ ಇರುವ ಲೋಹದ ಭಾಗ ಎಂಜಿನ್ನಿಗೇ ಸೇರಿದ್ದೆಂದು ಟಾರ್ಚ್ ಬಿಟ್ಟು ಕಣ್ಣಲ್ಲಿ ಹಿಂಬಾಲಿಸಿ ಖಚಿತಪಡಿಸಿಕೊಳ್ಳಿ.

ಬೋಲ್ಟಿನ ತಲೆಯನ್ನು ನೇರ ಎದುರಿನಿಂದ ನೋಡಿದಾಗ ಗಡಿಯಾರದ ಮುಳ್ಳಿನ ವಿರುದ್ಧ ದಿಕ್ಕಿಗೆ ತಿರುಗಿಸಿದರೆ ಸಡಿಲವಾಗುತ್ತದೆ. ಅಂಗಾತ ಮಲಗಿದಾಗ ಈ ದಿಕ್ಕು ತಲೆಕೆಳಗಾದಂತೆ ತೋರಿ ಗೊಂದಲವಾಗುವುದು ಸಹಜ. ಸ್ಪ್ಯಾನರಿನಿಂದ ಬಿಗಿ ಬಿಡಿಸಿದ ಮೇಲೆ ಬೆರಳಿನಿಂದಲೇ ತಿರುಗಿಸುತ್ತಾ ಬನ್ನಿ, ಆದರೆ ತಿರುಗಿಸುವಷ್ಟು ಹೊತ್ತೂ ಬೋಲ್ಟನ್ನು ಒಳಮುಖವಾಗಿ ಒತ್ತಿ ಹಿಡಿದಿರಿ. ಥ್ರೆಡ್ ಮುಗಿದದ್ದು ಬೆರಳಿಗೆ ತಿಳಿಯುತ್ತದೆ, ಬೋಲ್ಟ್ ಅಲ್ಲಾಡುತ್ತದೆ, ಅದರ ಅಂಚಿನಲ್ಲಿ ಒಂದೆರಡು ಹನಿ ಕೂಡಿ ಇಳಿಯುತ್ತದೆ. ಆಗ ಒಮ್ಮೆಗೇ ಪಕ್ಕಕ್ಕೆ ಸೆಳೆದುಕೊಂಡರೆ ಬೋಲ್ಟ್ ಕೈಯಲ್ಲೇ ಉಳಿಯುತ್ತದೆ, ಮೊಣಕೈವರೆಗೆ ಎಣ್ಣೆ ಹರಿಯುವುದಿಲ್ಲ. ಮೊದಲ ಧಾರೆ ಕೆಳಕ್ಕೆ ಬೀಳದೆ ಓರೆಯಾಗಿ ಮುಂದಕ್ಕೆ ಚಿಮ್ಮುವುದರಿಂದ ಬಾಂಡ್ಲಿಯನ್ನು ಒಂದು ಗೇಣು ಮುಂದೆಯೇ ಇಟ್ಟಿರಬೇಕು. ಧಾರೆ ಸಣ್ಣದಾಗುತ್ತಾ ಬಂದಂತೆ ಹಿಂದಕ್ಕೆ ಸರಿಸುತ್ತಾ ಬನ್ನಿ.

ಇಳಿದ ಎಣ್ಣೆ ಕಪ್ಪಾಗಿದ್ದರೆ ಗಾಬರಿಯಾಗಬೇಕಿಲ್ಲ. ಮಸಿಯನ್ನು ತನ್ನಲ್ಲಿ ಹಿಡಿದಿಟ್ಟುಕೊಳ್ಳುವುದೂ ಎಣ್ಣೆಯ ಕೆಲಸಗಳಲ್ಲೊಂದು, ಡೀಸೆಲ್ ಎಂಜಿನ್ನಿನಲ್ಲಂತೂ ಹೊಸ ಎಣ್ಣೆ ಕೆಲವೇ ದಿನದಲ್ಲಿ ಕಪ್ಪಾಗುತ್ತದೆ. ನೋಡಬೇಕಾದದ್ದು ಬೇರೆ ಎರಡು ಸಂಗತಿ. ಹಾಲು ಬೆರೆಸಿದ ಕಾಫಿಯ ಬಣ್ಣ ಬಂದಿದ್ದರೆ ರೇಡಿಯೇಟರಿನ ನೀರು ಎಣ್ಣೆಗೆ ಸೇರಿರುವ ಶಂಕೆಯಿದೆ. ಬೆರಳಿಗೆ ಹಚ್ಚಿ ಬಿಸಿಲಿಗೆ ಹಿಡಿದಾಗ ಲೋಹದ ಹುಡಿ ಮಿನುಗಿದರೆ ಒಳಗೆ ಯಾವುದೋ ಭಾಗ ಸವೆಯುತ್ತಿದೆ. ಎರಡರಲ್ಲಿ ಯಾವುದು ಕಂಡರೂ ಒಳ್ಳೆಯ ಮೆಕ್ಯಾನಿಕ್‌ಗೆ ತೋರಿಸುವ ತನಕ ಕಾರನ್ನು ಓಡಿಸಬೇಡಿ.

ಹನಿ ಹನಿಯಾಗಿ ನಿಲ್ಲುವವರೆಗೆ ಹತ್ತು ಹದಿನೈದು ನಿಮಿಷ ಕಾಯಿರಿ. ಬೋಲ್ಟನ್ನು ಒರೆಸಿ, ಹಳೆಯ ವಾಷರ್ ಬೋಲ್ಟಿನಲ್ಲೇ ಇದೆಯೋ ಅಥವಾ ಚೇಂಬರಿಗೆ ಅಂಟಿಕೊಂಡಿದೆಯೋ ನೋಡಿ ತೆಗೆದು, ಹೊಸದನ್ನು ಏರಿಸಿ. ಬೋಲ್ಟನ್ನು ಮತ್ತೆ ಹಾಕುವಾಗ ಮೊದಲ ಮೂರು ನಾಲ್ಕು ಸುತ್ತು ಬರೀ ಬೆರಳಿನಲ್ಲೇ ಸಲೀಸಾಗಿ ಕೂರಬೇಕು. ತಡೆದಂತೆ ಅನಿಸಿದರೆ ಥ್ರೆಡ್ ಓರೆಯಾಗಿದೆ ಎಂದರ್ಥ, ಬಿಚ್ಚಿ ಮತ್ತೆ ಹಿಡಿಯಿರಿ. ಹಲವು ಕಾರುಗಳ ಚೇಂಬರ್ ಅಲ್ಯೂಮಿನಿಯಮ್ಮಿನದು. ಉಕ್ಕಿನ ಬೋಲ್ಟನ್ನು ಬಲವಂತವಾಗಿ ತಿರುಗಿಸಿದರೆ ಥ್ರೆಡ್ ಕಿತ್ತುಬಂದು ಇಡೀ ಚೇಂಬರನ್ನೇ ಬದಲಿಸಬೇಕಾದೀತು. ಬಿಗಿತದ ಅಳತೆ ಹೆಚ್ಚಿನ ಸಣ್ಣ ಕಾರುಗಳಲ್ಲಿ 30ರಿಂದ 45 ನ್ಯೂಟನ್ ಮೀಟರ್ ನಡುವೆ ಇರುತ್ತದೆ. ನಿಮ್ಮ ಕಾರಿನ ನಿಖರ ಅಂಕಿಯನ್ನು ತಿಳಿದುಕೊಂಡು, ಬಿಗಿತವನ್ನು ಅಳೆದು ತೋರಿಸುವ ಟಾರ್ಕ್ ರೆಂಚ್‌ನಿಂದ ಬಿಗಿಯುವುದು ಉತ್ತಮ. ಅದು ಇಲ್ಲದವರಿಗೆ ಒಂದು ಅಂದಾಜು ಹೇಳುವುದಾದರೆ, 35 ನ್ಯೂಟನ್ ಮೀಟರ್ ಎಂದರೆ ಒಂದು ಅಡಿ ಉದ್ದದ ಹಿಡಿಯ ತುದಿಯಲ್ಲಿ ಸುಮಾರು 12 ಕಿಲೋ ಭಾರ ತೂಗುಬಿಟ್ಟಷ್ಟು ಬಲ. ಮೈಯೆಲ್ಲ ಬಲ ಹಾಕಿ ಎಳೆಯುವ ಬಿಗಿ ಇದಕ್ಕೆ ಬೇಕಿಲ್ಲ.

ಫಿಲ್ಟರ್

ಫಿಲ್ಟರ್‌ಗಳಲ್ಲಿ ಎರಡು ಬಗೆ. ತಗಡಿನ ಡಬ್ಬಿಯಂತಿದ್ದು ಇಡಿಯಾಗಿ ತಿರುಗಿಸಿ ಹಾಕುವುದು ಒಂದು, ಪ್ಲಾಸ್ಟಿಕ್ ಅಥವಾ ಲೋಹದ ಗೂಡಿನೊಳಗೆ ಕಾಗದದ ಸುರುಳಿಯನ್ನು ಮಾತ್ರ ಬದಲಾಯಿಸುವುದು ಇನ್ನೊಂದು. ಎರಡನೆಯ ಬಗೆಯಲ್ಲಿ ಸುರುಳಿಯ ಜೊತೆಗೆ ಬರುವ ರಬ್ಬರ್ ರಿಂಗುಗಳನ್ನೂ ಅವುಗಳವೇ ಕಚ್ಚುಗಳಲ್ಲಿ ಕೂರಿಸಬೇಕು ಎಂಬುದನ್ನು ಬಿಟ್ಟರೆ ಹೆಚ್ಚು ವ್ಯತ್ಯಾಸವಿಲ್ಲ. ಮುಂದಿನ ವಿವರ ತಗಡಿನ ಬಗೆಗೆ ಸಂಬಂಧಿಸಿದ್ದು.

ಬಾಂಡ್ಲಿಯನ್ನು ಫಿಲ್ಟರಿನ ಕೆಳಕ್ಕೆ ಸರಿಸಿ, ರೆಂಚ್‌ನಿಂದ ಬಿಗಿ ಬಿಡಿಸಿ, ನಂತರ ಕೈಯಿಂದ ಬಿಚ್ಚಿ. ಅದರೊಳಗೂ ಎಣ್ಣೆ ತುಂಬಿರುವುದರಿಂದ ಕೊನೆಯ ಸುತ್ತಿನಲ್ಲಿ ಬಾಯಿ ಮೇಲಾಗುವಂತೆ ತಿರುಗಿಸಿಕೊಂಡು ಇಳಿಸಿ. ಬಿಚ್ಚಿದೊಡನೆ ಮಾಡಬೇಕಾದ ಕೆಲಸವೊಂದಿದೆ: ಹಳೆಯ ಫಿಲ್ಟರಿನ ಬಾಯಿಯನ್ನು ಬೆಳಕಿಗೆ ಹಿಡಿದು, ಅದರ ರಬ್ಬರ್ ರಿಂಗ್ ಅದರಲ್ಲೇ ಇದೆಯೇ ಎಂದು ನೋಡಬೇಕು.

ಇದನ್ನು ನಾನು ಕಲಿತದ್ದು ಮೊದಲ ವರ್ಷವೇ. ಎಲ್ಲ ಮುಗಿಸಿ, ಹೊಸ ಎಣ್ಣೆ ಸುರಿದು, ಎಂಜಿನ್ ಶುರುಮಾಡಿದ ಕೆಲವೇ ಕ್ಷಣಕ್ಕೆ ಕಾರಿನಡಿಯಿಂದ ಹೊನ್ನಿನ ಬಣ್ಣದ ಎಣ್ಣೆ ಪೋರ್ಟಿಕೋದ ನೆಲದುದ್ದಕ್ಕೂ ಹರಿದು ಬಂದಿತು. ತಕ್ಷಣ ಕೀಲಿ ತಿರುಗಿಸಿ ನಿಲ್ಲಿಸಿದೆ. ನಮ್ಮೂರಿನ ಹಿರಿಯ ಮೆಕ್ಯಾನಿಕ್ ಒಬ್ಬರಿಗೆ ಫೋನ್ ಮಾಡಿ ವಿವರಿಸುವಷ್ಟರಲ್ಲಿ ಅವರು ನಡುವೆಯೇ, "ಹಳೇ ಫಿಲ್ಟ್ರು ಕೈಲೈತಾ? ಅದ್ರಲ್ಲಿ ರಬ್ರು ಐತಾ ನೋಡಿ ಸಾ" ಎಂದರು. ಇರಲಿಲ್ಲ. ಹಳೆಯ ರಿಂಗ್ ಶಾಖಕ್ಕೆ ಎಂಜಿನ್ನಿಗೇ ಅಂಟಿಕೊಂಡು ಉಳಿದಿತ್ತು, ನಾನು ಅದರ ಮೇಲೆಯೇ ಹೊಸ ಫಿಲ್ಟರನ್ನು ಬಿಗಿದಿದ್ದೆ. ಒಂದರ ಮೇಲೊಂದು ಕೂತ ಎರಡು ರಬ್ಬರ್‌ಗಳು ಎಣ್ಣೆಯ ಒತ್ತಡವನ್ನು ತಡೆಯಲಾರದೆ ಜಾರಿಬಿಡುತ್ತವೆ. ಕಪ್ಪು ಲೋಹದ ಮೇಲೆ ಕಪ್ಪು ರಬ್ಬರ್ ಕಣ್ಣಿಗೆ ಕಾಣುವುದಿಲ್ಲ. ಅಂದಿನಿಂದ ನಾನು ಕಣ್ಣನ್ನು ಮಾತ್ರ ನಂಬದೆ, ಎಂಜಿನ್ನಿನ ಮೇಲೆ ಫಿಲ್ಟರ್ ಕೂರುವ ಸುತ್ತನ್ನು ಬೆರಳಿನಿಂದ ಪೂರ್ತಿ ಒಂದು ಬಳಸು ಸವರಿ ನೋಡುತ್ತೇನೆ. ಬರೀ ಲೋಹದ ತಣ್ಣನೆಯ ನುಣುಪು ಸಿಗಬೇಕು, ಎಲ್ಲಿಯೂ ಏರುತಗ್ಗು ತಾಗಬಾರದು.

ಸುತ್ತನ್ನು ಶುಭ್ರ ಬಟ್ಟೆಯಿಂದ ಒರೆಸಿ. ಬನಿಯನ್ ವೇಸ್ಟಿನ ಎಳೆಗಳು ಅಂಟಿಕೊಳ್ಳುವುದರಿಂದ ಇಲ್ಲಿಗೆ ಅದು ಬೇಡ. ಹೊಸ ಫಿಲ್ಟರಿನ ರಬ್ಬರಿಗೆ ಬೆರಳಿನಿಂದ ಹೊಸ ಎಣ್ಣೆಯನ್ನು ತೆಳ್ಳಗೆ ಸವರಿ. ಹಾಗೆ ಸವರಿದರೆ ಬಿಗಿಯುವಾಗ ರಬ್ಬರ್ ಮಡಿಚಿಕೊಳ್ಳುವುದಿಲ್ಲ, ಮುಂದಿನ ವರ್ಷ ಬಿಚ್ಚುವಾಗ ಅಂಟಿಕೊಂಡು ಉಳಿಯುವ ಸಂಭವವೂ ಕಡಿಮೆ. ಫಿಲ್ಟರ್ ಬಾಯಿ ಮೇಲಾಗಿ ನಿಲ್ಲುವ ಕಾರಾದರೆ ಅದರೊಳಗೆ ಅರ್ಧದಷ್ಟು ಹೊಸ ಎಣ್ಣೆ ಸುರಿದುಕೊಂಡರೆ ಮೊದಲ ಸಲ ಎಂಜಿನ್ ತಿರುಗಿದಾಗ ಎಣ್ಣೆ ಬೇಗ ಮೇಲೇರುತ್ತದೆ. ಅಡ್ಡವಾಗಿ ಕೂರುವ ಫಿಲ್ಟರಿಗೆ ಇದನ್ನು ಮಾಡಲು ಹೋದರೆ ಚೆಲ್ಲುವುದಷ್ಟೇ. ರಬ್ಬರ್ ಲೋಹಕ್ಕೆ ತಾಗಿದ ಜಾಗದಿಂದ ಮುಂದೆ ಎಷ್ಟು ಸುತ್ತು ಬಿಗಿಯಬೇಕೆಂದು ಫಿಲ್ಟರಿನ ಮೇಲೋ ಅದರ ಪೆಟ್ಟಿಗೆಯ ಮೇಲೋ ಬರೆದಿರುತ್ತದೆ, ಸಾಮಾನ್ಯವಾಗಿ ಅದು ಮುಕ್ಕಾಲು ಸುತ್ತು. ಇದಕ್ಕೆ ಕೈಯ ಬಲವೇ ಸಾಕು, ರೆಂಚ್ ಇರುವುದು ಬಿಚ್ಚುವುದಕ್ಕೆ. ಬಿಗಿದ ಮೇಲೆ ಫಿಲ್ಟರಿನ ಮೈಮೇಲೆ ಮಾರ್ಕರ್ ಪೆನ್ನಿನಿಂದ ದಿನಾಂಕವನ್ನೂ ಕಾರು ಓಡಿದ ಕಿಲೋಮೀಟರನ್ನೂ ಬರೆದುಬಿಡಿ.

ಹೊಸ ಎಣ್ಣೆ

ಕಾರನ್ನು ಸ್ಟ್ಯಾಂಡ್‌ನಿಂದ ಇಳಿಸಿದ ಮೇಲೆ ಸುರಿಯುವುದು ಸರಿ, ಏಕೆಂದರೆ ಸಮತಟ್ಟಾಗಿ ನಿಂತ ಕಾರಿನಲ್ಲಿ ಮಾತ್ರ ಕಡ್ಡಿಯ ಅಳತೆ ನಿಜ ಹೇಳುತ್ತದೆ. ಇಳಿಸುವ ಮುನ್ನ ಕಾರಿನಡಿ ಸ್ಪ್ಯಾನರ್, ಟಾರ್ಚ್, ಬಾಂಡ್ಲಿ ಏನೂ ಉಳಿದಿಲ್ಲವೆಂದೂ, ಡ್ರೈನ್ ಬೋಲ್ಟ್ ಬಿಗಿದಿದೆಯೆಂದೂ ಮತ್ತೊಮ್ಮೆ ನೋಡಿ. ಕೈಪಿಡಿ ಹೇಳಿದ ಪ್ರಮಾಣಕ್ಕಿಂತ ಅರ್ಧ ಲೀಟರ್ ಕಡಿಮೆ ಸುರಿದು, ಐದು ನಿಮಿಷ ಇಳಿಯಲು ಬಿಟ್ಟು, ಕಡ್ಡಿ ಒರೆಸಿ ಅದ್ದಿ ನೋಡಿ, ನಂತರ ಸ್ವಲ್ಪ ಸ್ವಲ್ಪವಾಗಿ ಸೇರಿಸುತ್ತಾ ಹೋಗಿ. ಕಡ್ಡಿಯ ಕೆಳಗಿನ ಮತ್ತು ಮೇಲಿನ ಗುರುತುಗಳ ನಡುವಿನ ಅಂತರ ಹಲವು ಕಾರುಗಳಲ್ಲಿ ಸುಮಾರು 1 ಲೀಟರಿಗೆ ಸಮ. ಹೆಚ್ಚಿದ್ದರೆ ಒಳ್ಳೆಯದೇ ಎಂದು ಮೇಲಿನ ಗುರುತು ದಾಟಿಸಬೇಡಿ. ವೇಗವಾಗಿ ತಿರುಗುವ, ಎಂಜಿನ್ನಿನ ಮುಖ್ಯ ದಂಡವಾದ ಕ್ರ್ಯಾಂಕ್ ಎಣ್ಣೆಗೆ ಬಡಿದು ನೊರೆ ಎಬ್ಬಿಸುತ್ತದೆ, ನೊರೆಗೆ ಬೇರಿಂಗನ್ನು ಕಾಯುವ ಶಕ್ತಿಯಿಲ್ಲ.

ಮುಚ್ಚಳ ಬಿಗಿದು ಎಂಜಿನ್ ಶುರುಮಾಡಿ, ಆಕ್ಸಿಲರೇಟರ್ ತುಳಿಯದೆ ಬಿಡಿ. ಮುಂದಿನ ಫಲಕದಲ್ಲಿ ಎಣ್ಣೆ ಗಿಂಡಿಯ ಚಿತ್ರವಿರುವ ಕೆಂಪು ದೀಪ ಕೆಲವೇ ಸೆಕೆಂಡುಗಳಲ್ಲಿ ಆರಬೇಕು, ಆರದಿದ್ದರೆ ಕೂಡಲೇ ನಿಲ್ಲಿಸಿ. ಎರಡು ಮೂರು ನಿಮಿಷ ಓಡಿದ ಮೇಲೆ ಕಾರಿನಡಿಗೆ ಟಾರ್ಚ್ ಬಿಟ್ಟು ಬೋಲ್ಟಿನ ಸುತ್ತ, ಫಿಲ್ಟರಿನ ಸುತ್ತ ತೇವ ಕಾಣುತ್ತದೆಯೇ ನೋಡಿ. ಎಂಜಿನ್ ನಿಲ್ಲಿಸಿ ಹತ್ತು ನಿಮಿಷದ ನಂತರ ಮತ್ತೆ ಅಳೆದರೆ, ಫಿಲ್ಟರ್ ತುಂಬಿಕೊಂಡದ್ದರಿಂದ ಮಟ್ಟ ಸ್ವಲ್ಪ ಇಳಿದಿರುತ್ತದೆ. ಅಷ್ಟನ್ನು ಮತ್ತೆ ಸುರಿಯಿರಿ. ಆ ರಾತ್ರಿ ಕಾರಿನಡಿ ಒಂದು ರಟ್ಟು ಹಾಸಿಟ್ಟರೆ ಬೆಳಿಗ್ಗೆ ಒಂದೇ ಹನಿ ಬಿದ್ದಿದ್ದರೂ ಕಾಣುತ್ತದೆ, ಯಾವ ಜಾಗದಿಂದ ಬಿದ್ದದ್ದೆಂಬುದೂ ತಿಳಿಯುತ್ತದೆ.

ಹಳೆಯ ಎಣ್ಣೆಯನ್ನು ಏನು ಮಾಡಬೇಕು

ಗ್ಯಾರೇಜಿನಲ್ಲಿ ಕೆಲಸ ಮಾಡಿಸಿದಾಗ ಈ ಪ್ರಶ್ನೆ ನಮ್ಮ ಮುಂದೆ ಬರುವುದೇ ಇಲ್ಲ. ಮನೆಯಲ್ಲಿ ಮಾಡಿದಾಗ ಮೂರು ನಾಲ್ಕು ಲೀಟರ್ ಕಪ್ಪು ಎಣ್ಣೆ ನಮ್ಮ ಜವಾಬ್ದಾರಿಗೆ ಬರುತ್ತದೆ, ಅದು ಸರಿಯಾದ ಕೈ ಸೇರುವವರೆಗೆ ನಮ್ಮ ಕೆಲಸ ಮುಗಿಯಲಿಲ್ಲ. ಬಳಸಿದ ಎಂಜಿನ್ ಎಣ್ಣೆಯಲ್ಲಿ ಸವೆದ ಲೋಹದ ಕಣಗಳೂ, ಅರೆಬೆಂದ ಇಂಧನದಿಂದ ಹುಟ್ಟಿದ ವಿಷಕಾರಿ ಪದಾರ್ಥಗಳೂ ಸೇರಿರುತ್ತವೆ. ಕೈಗವಸು ಹಾಕಬೇಕೆಂದು ಹೇಳಿದ್ದು ಇದಕ್ಕಾಗಿಯೇ. 2016ರಲ್ಲಿ ಹೊರಬಂದ ಅಪಾಯಕಾರಿ ತ್ಯಾಜ್ಯ ನಿರ್ವಹಣೆಯ ಕೇಂದ್ರ ನಿಯಮಗಳು ಇದನ್ನು ಅಪಾಯಕಾರಿ ತ್ಯಾಜ್ಯವೆಂದೇ ಪರಿಗಣಿಸುತ್ತವೆ. 2024ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ, ಎಣ್ಣೆಯನ್ನು ತಯಾರಿಸಿ ಮಾರುವವರಿಗೇ ಬಳಸಿದ ಎಣ್ಣೆ ಮರುಸಂಸ್ಕರಣೆಗೆ ಸೇರುವಂತೆ ನೋಡಿಕೊಳ್ಳುವ ಹೊಣೆಯನ್ನು ವಹಿಸಲಾಗಿದೆ.

ನಮ್ಮ ಹಳ್ಳಿಗಳಲ್ಲಿ ಹಳೆಯ ಆಯಿಲ್‌ಗೆ ಬೇಡಿಕೆ ಬಹಳ. ಗೆದ್ದಲು ಹಿಡಿಯದಿರಲಿ ಎಂದು ತೊಲೆಗೂ ಬೇಲಿಯ ಗೂಟಕ್ಕೂ ಬಳಿಯುತ್ತಾರೆ, ಸೆಂಟ್ರಿಂಗ್ ಹಲಗೆಗೆ ಸವರುತ್ತಾರೆ, ದನಗಳ ಕಜ್ಜಿಗೆ ಹಚ್ಚುವುದನ್ನೂ ನಾನು ಕಂಡಿದ್ದೇನೆ. ಎತ್ತಿನ ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಾಕಿ ಬೆಳೆದ ಜನರಿಗೆ ಎಣ್ಣೆಯನ್ನು ಸುಮ್ಮನೆ ಎಸೆಯಲು ಮನಸ್ಸು ಬಾರದಿರುವುದು ನನಗೆ ಅರ್ಥವಾಗುತ್ತದೆ. ಆದರೆ ಆಗಿನ ಕೀಲೆಣ್ಣೆಗೂ ಎಂಜಿನ್ನಿನಲ್ಲಿ ವರ್ಷವಿಡೀ ಬೆಂದ ಈ ಎಣ್ಣೆಗೂ ಸಂಬಂಧವೇ ಇಲ್ಲ. ದನ ತನ್ನ ಮೈಯನ್ನು ತಾನೇ ನೆಕ್ಕುತ್ತದೆ, ಹಚ್ಚಿದ ವಿಷ ಅದರ ಹೊಟ್ಟೆಗೇ ಹೋಗುತ್ತದೆ. ಕಜ್ಜಿಗೆ ಪಶುವೈದ್ಯರ ಬಳಿ ಸರಿಯಾದ ಔಷಧವಿದೆ. ಗೂಟಕ್ಕೆ ಬಳಿದದ್ದು ಮಳೆಗೆ ತೊಳೆದುಹೋಗಿ ಗದ್ದೆಗೆ ಇಳಿಯುತ್ತದೆ. ಆಲೆಮನೆಯ ಒಲೆಗೆ ಸುರಿದು ಉರಿಸಿದರೆ ಹೊಗೆಯ ಜೊತೆ ಅದೆಲ್ಲವೂ ಅಲ್ಲಿ ದುಡಿಯುವವರ ಎದೆ ಸೇರುತ್ತದೆ. ಚರಂಡಿಗೆ ಸುರಿಯುವುದಂತೂ ಎಲ್ಲಕ್ಕಿಂತ ಕೆಟ್ಟದ್ದು. ಮೈಸೂರಿನ ಮಳೆನೀರಿನ ಚರಂಡಿಯಾಗಲಿ, ವಿಶ್ವೇಶ್ವರಯ್ಯ ನಾಲೆಯಿಂದ ಕವಲೊಡೆದು ಮಂಡ್ಯದ ಗದ್ದೆಗಳಿಗೆ ಹೋಗುವ ಕಾಲುವೆಯಾಗಲಿ, ಅದರ ನೀರು ಕೊನೆಗೆ ಯಾರದೋ ಕೆರೆಗೆ, ಯಾರದೋ ಪೈರಿಗೆ ಮುಟ್ಟುವಂಥದ್ದು.

ಬಾಂಡ್ಲಿಯ ಎಣ್ಣೆಯನ್ನು ಆಲಿಕೆಯಿಟ್ಟು ಹೊಸ ಎಣ್ಣೆಯ ಖಾಲಿ ಡಬ್ಬಕ್ಕೇ ತುಂಬಿ ಮುಚ್ಚಳ ಬಿಗಿಯಿರಿ. ಹಾಲಿನ ಕ್ಯಾನ್, ನೀರಿನ ಬಾಟಲಿ, ಅಡುಗೆ ಎಣ್ಣೆಯ ಡಬ್ಬ ಇದಕ್ಕೆ ಬೇಡ, ಮಕ್ಕಳು ತಪ್ಪಿ ಕುಡಿದಾರು. ನೀರು, ಪೆಟ್ರೋಲ್, ಬ್ರೇಕ್ ಆಯಿಲ್ ಯಾವುದನ್ನೂ ಇದರ ಜೊತೆ ಬೆರೆಸಬೇಡಿ, ಬೆರೆಸಿದರೆ ಮರುಸಂಸ್ಕರಣೆ ಕಷ್ಟವಾಗುತ್ತದೆ. ಹಳೆಯ ಫಿಲ್ಟರಿನಲ್ಲಿ ಕಾಲು ಲೀಟರಿನಷ್ಟು ಎಣ್ಣೆ ಉಳಿದಿರಬಹುದಾದ್ದರಿಂದ ಅದನ್ನು ಒಂದು ರಾತ್ರಿ ಬಾಂಡ್ಲಿಯ ಮೇಲೆ ಬೋರಲಾಗಿ ಇಟ್ಟು ಬಸಿಯಲು ಬಿಡಿ. ನಂತರ ಎರಡನ್ನೂ, ಹೊಟ್ಟಿನಲ್ಲಿ ಹೀರಿಸಿದ ಚೆಲ್ಲೆಣ್ಣೆಯನ್ನೂ, ಜಿಡ್ಡಾದ ಬಟ್ಟೆಗಳನ್ನೂ ಸರ್ವಿಸ್ ಕೇಂದ್ರಕ್ಕೋ ದೊಡ್ಡ ಗ್ಯಾರೇಜಿಗೋ ಒಯ್ಯಿರಿ. ಬಳಸಿದ ಎಣ್ಣೆಯನ್ನು ಅವರು ಬ್ಯಾರೆಲ್‌ಗಳಲ್ಲಿ ಕೂಡಿಟ್ಟು, ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಪಡೆದ ಮರುಸಂಸ್ಕರಣೆಯವರಿಗೆ ಕೊಡುತ್ತಾರೆಯೇ ಎಂದು ಕೇಳಿ. ಎಣ್ಣೆ ಕೊಳ್ಳುವಾಗಲೇ ಈ ಏರ್ಪಾಡನ್ನು ಮಾತಾಡಿ ಗೊತ್ತುಮಾಡಿಕೊಂಡರೆ ಆಮೇಲೆ ಡಬ್ಬ ಹಿಡಿದು ಊರೆಲ್ಲ ಅಲೆಯುವುದು ತಪ್ಪುತ್ತದೆ. ನಾನು ಕೊಡುವ ಗ್ಯಾರೇಜಿನವರು ಎಣ್ಣೆಯನ್ನು ಬ್ಯಾರೆಲ್‌ಗೆ ಸುರಿದುಕೊಂಡು ಡಬ್ಬವನ್ನು ಹಿಂದಿರುಗಿಸುತ್ತಾರೆ. ಗುಜರಿಗೆ ಹಾಕುವ ಮುನ್ನ ಅದರ ತಳಕ್ಕೆ ಮೊಳೆಯಿಂದ ಎರಡು ತೂತು ಹೊಡೆಯುತ್ತೇನೆ, ನಕಲಿ ಎಣ್ಣೆ ತುಂಬುವವರಿಗೆ ಅದು ಮತ್ತೆ ಉಪಯೋಗಕ್ಕೆ ಬಾರದಿರಲಿ ಎಂದು.